12 ವರ್ಷದ ಬೆಕ್ಕಿಗೆ ಶುಗರ್, ಅಪ್ಪನ ಸಿರಿಂಜ್ ಬಳಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಕರಿಯ ಆಪರೇಷನ್ ಆದ ಗಂಡು ಬೆಕ್ಕು. ತೂಕ ಆರೂವರೆ ಕೆಜಿ. ಈಚೆಗೆ ಬಚ್ಚಲಿನ ಬಕೆಟ್‌ಗೇ ಬಾಯಿ ಹಾಕಿ ನೀರು ಕುಡಿಯುತ್ತಿದ್ದ, ತೋರಿಸಿದರೆ ಶುಗರ್ ಅಂದರು. ಗ್ಲಾರ್ಜಿನ್ ಇನ್ಸುಲಿನ್ ಬೆಳಗ್ಗೆ 1 ಯೂನಿಟ್, ರಾತ್ರಿ 1 ಯೂನಿಟ್ ಬರೆದಿದ್ದಾರೆ. ಅಪ್ಪನಿಗೂ ಶುಗರ್ ಇದೆ, ಅವರ ಕೆಂಪು ಮುಚ್ಚಳದ ಸಿರಿಂಜ್ ಮನೆಯಲ್ಲೇ ಇದೆ, ಅದು ಸಾಕಲ್ವಾ? ಕರಿಯನ ಊಟ ಮೊಸರನ್ನ, ಮೀನು, ಸ್ವಲ್ಪ ಡ್ರೈ ಫುಡ್.

ಉತ್ತರ (ಪಶುವೈದ್ಯೆ): ಆ ಸಿರಿಂಜ್ ಮುಟ್ಟಲೇಬೇಡಿ. ಕೆಂಪು ಮುಚ್ಚಳದ್ದು ಯು-40, ಅಂದರೆ ಒಂದು ಎಂ.ಎಲ್.ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ ಮಾಡಿದ್ದು. ನಿಮಗೆ ಬರೆದಿರುವ ಗ್ಲಾರ್ಜಿನ್ ಸಾಮಾನ್ಯವಾಗಿ ಯು-100, ಅಂದರೆ ಒಂದು ಎಂ.ಎಲ್.ಗೆ 100 ಯೂನಿಟ್, ಅದನ್ನು ಈ ಸಿರಿಂಜ್‌ನಲ್ಲಿ 1ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ಅಷ್ಟು ಹೆಚ್ಚಾದರೆ ಬೆಕ್ಕಿಗೆ ಫಿಟ್ಸ್ ಬರಬಹುದು. ಮೆಡಿಕಲ್‌ನಲ್ಲಿ ಕಿತ್ತಳೆ ಮುಚ್ಚಳದ ಯು-100 ಕೇಳಿ, 0.3 ಎಂ.ಎಲ್.ದು ಸಿಕ್ಕರೆ ಸಣ್ಣ ಡೋಸ್ ಅಳೆಯುವುದು ಸುಲಭ. ಬರೀ ಬಣ್ಣ ನಂಬಬೇಡಿ, ಸಿರಿಂಜ್ ಮೇಲಿನ ಅಂಕಿಯೂ ಬಾಟಲಿ ಮೇಲಿನ ಅಂಕಿಯೂ ಒಂದೇ ಇರಬೇಕು. ಬಾಟಲಿ ಅಲ್ಲಾಡಿಸಬೇಡಿ, ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ.

ಮೊಸರನ್ನ ನಿಲ್ಲಬೇಕು, ಆದರೆ ನಾಳೆಯೇ ಅಲ್ಲ. ಅನ್ನ ಕಮ್ಮಿಯಾದ ಹಾಗೆ ಶುಗರ್ ಇಳಿಯುತ್ತದೆ, ಇನ್ಸುಲಿನ್ ಹಳೇ ಲೆಕ್ಕದಲ್ಲೇ ನಡೆದರೆ ಲೋ ಆಗಿಬಿಡುತ್ತದೆ. ಹಾಗಾಗಿ ನಿಮ್ಮ ಡಾಕ್ಟರ್‌ಗೆ ಹೇಳಿಯೇ ನಿಧಾನವಾಗಿ ಕಾರ್ಬ್ ಕಮ್ಮಿ ಇರುವ ವೆಟ್ ಫುಡ್‌ಗೆ ಬನ್ನಿ. ಬರೀ ಬೇಯಿಸಿದ ಚಿಕನ್ ಸಾಲದು, ಕ್ಯಾಲ್ಸಿಯಂ ಇರಲ್ಲ, ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶ ಸಾಕಾಗಲ್ಲ. ತೂಕ ಇಳಿಸಲು ಉಪವಾಸ ಅಂತೂ ಬೇಡವೇ ಬೇಡ, ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಲಿವರ್ ಕೆಡುತ್ತದೆ. ಒಂದು ಒಳ್ಳೇ ಸುದ್ದಿ: ಬೇಗ ಹಿಡಿತಕ್ಕೆ ಬಂದರೆ ಕೆಲವು ಬೆಕ್ಕುಗಳಿಗೆ ಕೆಲವೇ ತಿಂಗಳಲ್ಲಿ ಇನ್ಸುಲಿನ್ನೇ ಬೇಡವಾಗುತ್ತದೆ.

ಇನ್ನೊಬ್ಬರು: ಮೇಡಂ, ನಮ್ಮತ್ತೆ ಹಾಗಲಕಾಯಿ ರಸ ಕೊಡು ಅಂತಾರೆ. ಮನುಷ್ಯರ ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೂ ಮನೆಯಲ್ಲಿದೆ, ಬೆಕ್ಕಿಗೆ ಕೊಡಬಹುದಾ?

ಉತ್ತರ: ಎರಡೂ ಬೇಡ. ರಸ ಕುಡಿಸಲು ಹೋದರೆ ಬೆಕ್ಕು ನಿಮ್ಮ ಕೈ ಪರಚುವುದೊಂದೇ ಲಾಭ.

ಪ್ರಶ್ನೆ ಕೇಳಿದವರು: ಕ್ಲಿನಿಕ್‌ನಲ್ಲಿ 380 ಬಂದಿತ್ತು. ಮನೆಯಲ್ಲಿ ಅಪ್ಪನ ಮೆಷಿನ್‌ನಲ್ಲಿ 240. ಯಾವುದು ನಿಜ?

ಉತ್ತರ: ಎರಡೂ ನಿಜ ಇರಬಹುದು. ಹೆದರಿದ ಬೆಕ್ಕಿಗೆ ಶುಗರ್ ಏರುತ್ತದೆ, ಮನುಷ್ಯರ ಮೆಷಿನ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಸ್ವಲ್ಪ ಕಮ್ಮಿ ತೋರಿಸುತ್ತದೆ. ಗೊಂದಲವಿದ್ದರೆ ಫ್ರಕ್ಟೋಸಮೈನ್ ಟೆಸ್ಟ್ ಮಾಡಿಸಿ, ಹಿಂದಿನ ಒಂದೆರಡು ವಾರದ ಸರಾಸರಿ ಗೊತ್ತಾಗುತ್ತದೆ. ಮನೆಯಲ್ಲಿ ನೋಡುವಾಗ ಕಿವಿಯನ್ನು ಬೆರಳಲ್ಲಿ ತಿಕ್ಕಿ ಬೆಚ್ಚಗೆ ಮಾಡಿ, ಅಂಚಿಗೆ ಚೂರೇ ಚೂರು ವ್ಯಾಸಲೀನ್ ಸವರಿ, ಹಿಂದೆ ಹತ್ತಿ ಒತ್ತಿಹಿಡಿದು ಚುಚ್ಚಿ. ರಕ್ತ ರೋಮಕ್ಕೆ ಹರಡದೆ ಗುಂಡಗೆ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು: ಲೋ ಆದರೆ ಹೇಗೆ ಗೊತ್ತಾಗುತ್ತೆ?

ಉತ್ತರ: ತೂರಾಡುತ್ತಾನೆ, ನಡುಗುತ್ತಾನೆ, ಕರೆದರೂ ಗಮನ ಇರಲ್ಲ. ತಿನ್ನುವಂತಿದ್ದರೆ ತಕ್ಷಣ ಊಟ ಕೊಡಿ. ಇಲ್ಲದಿದ್ದರೆ ಜೇನುತುಪ್ಪ ಒಸಡಿಗೆ ಸವರಿ, ಬಾಯಿಗೆ ಸುರಿಯಬೇಡಿ, ಸವರಿಕೊಂಡೇ ಆಸ್ಪತ್ರೆಗೆ ಹೊರಡಿ. ಊಟ ಮುಟ್ಟದ ಹೊತ್ತಿನಲ್ಲಿ ಫೋನ್ ಮಾಡಿ ಕೇಳದೆ ಇಂಜೆಕ್ಷನ್ ಹಾಕಬೇಡಿ. ಔಷಧಿ ಅರ್ಧ ರೋಮದ ಮೇಲೆ ಚೆಲ್ಲಿದರೂ ಮತ್ತೆ ಹಾಕಬಾರದು, ಮುಂದಿನ ಹೊತ್ತಿಗೆ ಮಾಮೂಲಿ ಡೋಸ್ ಕೊಟ್ಟರೆ ಸಾಕು.