ಹೆಡಿಂಗ್ ‘ಲೆವೆಲ್’ಗೆ ಯಾವ ಪದ: ಹಂತವೋ, ಮಟ್ಟವೋ?

ಎಲ್ಲರಿಗೂ ನಮಸ್ಕಾರ.

ಲಿಬ್ರೆಆಫೀಸ್ ರೈಟರ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ತಲೆಬರಹಗಳಿಗೆ 1, 1.1, 1.1.1 ಎಂದು ತಾನಾಗಿಯೇ ಅಂಕಿ ಬೀಳುವಂತೆ ಮಾಡುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಪುಟ ಬರೆದೆ. ಡಿಟಿಪಿ ಮಾಡುವ ಪರಿಚಯದವರೊಬ್ಬರು ಕೇಳಿದ್ದರು. ಇದರಲ್ಲಿ 1 ಮೊದಲ ‘ಲೆವೆಲ್’, ಅದರೊಳಗಿನ 1.1 ಎರಡನೆಯದು. ಆ ‘ಲೆವೆಲ್’ಗೆ ‘ಹಂತ’ ಎಂದು ಬಳಸಿದ್ದೆ. ಅಲ್ಲೇ ಎಡವಟ್ಟಾಯಿತು. ‘ಎರಡನೇ ಹಂತದಲ್ಲಿ ಅಂಕಿಯ ಬಗೆ ಆರಿಸಿ’ ಎಂಬ ಸಾಲನ್ನು ಅವರು ‘ಎರಡನೆಯದಾಗಿ ಮಾಡಬೇಕಾದ ಕೆಲಸ’ ಎಂದು ಓದಿಕೊಂಡರು. ಲೆವೆಲ್ 1ರಲ್ಲೇ ನಿಂತು ಅಂಕಿ ಬದಲಿಸಿದರು. ಅಧ್ಯಾಯಗಳ ಅಂಕಿ ಬದಲಾಯಿತು, ಒಳಗಿನ ತಲೆಬರಹಗಳು ಹಾಗೇ ಉಳಿದವು.

ತಪ್ಪು ಅವರದಲ್ಲ, ನನ್ನ ಪದದ್ದು. ಚುನಾವಣೆಯ ಮೊದಲ ಹಂತ, ಕಾಮಗಾರಿಯ ಎರಡನೇ ಹಂತ ಅನ್ನುತ್ತೇವೆ. ಹಂತ ಅಂದರೆ ಒಂದಾದ ಮೇಲೆ ಒಂದು ಬರುವುದು. ತಲೆಬರಹಗಳದ್ದು ಒಂದರೊಳಗೆ ಒಂದು ಇರುವ ಸಂಬಂಧ, ಅಲ್ವಾ?

ಈಗ ‘ಮಟ್ಟ’ ಎಂದು ತಿದ್ದಿದ್ದೇನೆ. ಜಿಲ್ಲಾ ಮಟ್ಟ, ತಾಲ್ಲೂಕು ಮಟ್ಟ ಎನ್ನುವುದು ಎಲ್ಲರಿಗೂ ಗೊತ್ತು. ಜಿಲ್ಲೆಯೊಳಗೆ ತಾಲ್ಲೂಕು ಇರುವ ಹಾಗೆ 1ರೊಳಗೆ 1.1 ಇದೆ. ಒಂದೇ ತೊಡಕು: ಇಲ್ಲಿ 1ನೇ ಮಟ್ಟವೇ ಎಲ್ಲಕ್ಕಿಂತ ಮೇಲಿನದು. ಅಂಕಿ ಜಾಸ್ತಿಯಾದಷ್ಟೂ ಕೆಳಗಿಳಿಯುತ್ತೇವೆ. ‘ಉಪಶೀರ್ಷಿಕೆ’ ಎಂದು ಬರೆಯಬಹುದಿತ್ತು, ಆದರೆ ಮೂರನೆಯದಕ್ಕೆ ‘ಉಪ ಉಪಶೀರ್ಷಿಕೆ’ ಎನ್ನಬೇಕಾಗುತ್ತದೆ. ರೈಟರ್‌ನಲ್ಲಿ 10 ಮಟ್ಟಗಳಿವೆ. ಅಂಕಿ ಜೊತೆಗೆ ಹೊಂದುವ ಪದವೇ ಬೇಕು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಈ ಅಂಕಿಗಳನ್ನು ಹೊಂದಿಸುವ ಕಿಟಕಿಯಲ್ಲಿರುವ ‘ಶೋ ಸಬ್‌ಲೆವೆಲ್ಸ್’. ಸುಮ್ನೆ ಪದಕ್ಕೆ ಪದ ಇಟ್ಟರೆ ‘ಉಪಮಟ್ಟಗಳನ್ನು ತೋರಿಸು’ ಆಗುತ್ತದೆ. ಆದರೆ ಅದು ಮಾಡುವ ಕೆಲಸ ಬೇರೆ. ಮೂರನೇ ಮಟ್ಟದಲ್ಲಿ ಅದಕ್ಕೆ 1 ಕೊಟ್ಟರೆ ತಲೆಬರಹಕ್ಕೆ ಬರೀ 4 ಎಂದು ಬೀಳುತ್ತದೆ. 3 ಕೊಟ್ಟರೆ 2.1.4 ಆಗುತ್ತದೆ. ಅಂದರೆ ಸೇರಿಕೊಳ್ಳುವುದು ಮೇಲಿನ ಮಟ್ಟಗಳ ಅಂಕಿ, ಕೆಳಗಿನದ್ದಲ್ಲ. ‘ಉಪಮಟ್ಟ’ ಎಂದು ಓದಿದವರು ಖಂಡಿತ ಕೆಳಗಿನದನ್ನೇ ಹುಡುಕುತ್ತಾರೆ. ‘ಎಷ್ಟು ಮಟ್ಟಗಳ ಅಂಕಿ ತೋರಿಸಬೇಕು’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ದಾರಿ ತಪ್ಪಿಸುವುದಿಲ್ಲ. ಇದಕ್ಕಿಂತ ಚಿಕ್ಕದು ಹೊಳೆದರೆ ದಯವಿಟ್ಟು ತಿಳಿಸಿ.

ಇನ್ನೊಂದು ಸಣ್ಣ ಪ್ರಶ್ನೆ. 2.10 ಅನ್ನು ಓದಿ ಹೇಳುವಾಗ ‘ಎರಡು ಪಾಯಿಂಟ್ ಹತ್ತು’ ಅನ್ನುತ್ತೀರೋ, ‘ಎರಡರ ಹತ್ತು’ ಅನ್ನುತ್ತೀರೋ? ನನಗೆ ಎರಡನೆಯದೇ ಇಷ್ಟ. ದಶಮಾಂಶ ಎಂಬ ಗೊಂದಲವೂ ಬರುವುದಿಲ್ಲ. ಕರಡು ತಿದ್ದುವವರು, ಅಚ್ಚಿನ ಮನೆಯಲ್ಲಿ ದುಡಿದವರು ಏನನ್ನುತ್ತಿದ್ದಿರಿ?