ಆಫೀಸಲ್ಲಿ ಮಾತಿಗೊಬ್ಬರು ಇಲ್ಲ ಅನ್ನಿಸಿದ್ರೆ ಏನ್ ಮಾಡ್ತೀರಿ?

ಹುಬ್ಬಳ್ಳಿಯಾಂವ: ವೈಟ್‌ಫೀಲ್ಡ್‌ನ್ಯಾಗ ಕೆಲಸಕ್ಕ ಸೇರಿ ಎಂಟು ತಿಂಗಳಾತು. ನನ್ನ ಟೀಮ್ ಎಲ್ಲಾ ಪುಣೆ, ಹೈದರಾಬಾದ್‌ನ್ಯಾಗ. ವಾರಕ್ಕ ಮೂರು ದಿನ ಬಸ್ ಹತ್ತಿ ಹೋಗಿ, ಹೆಡ್‌ಫೋನ್ ಹಾಕ್ಕೊಂಡು ಕಾಲ್ ಮುಗಿಸಿ, ಒಬ್ಬಾವನ ಊಟ ಮಾಡಿ ಬರ್ತೇನಿ. ನಿನ್ನೆ ಅವ್ವ ಫೋನ್ ಮಾಡಿ "ಯಾಕೋ, ದನಿ ಬಿದ್ದೈತಿ, ನೆಗಡಿ ಏನು?" ಅಂದ್ಲು. ಅವತ್ತು ಕಾಲ್ ಬಿಟ್ಟು ನಾ ಬಾಯಿ ತೆಗೆದಿದ್ದು ಅದ ಮೊದಲು. ನಿಮಗೂ ಹಿಂಗ ಆಗೇತೇನ್ರಿ?

ಬೆಳ್ಳಂದೂರು ವಾಸಿ: ಆಫೀಸ್ ಇರೋದು ಕೆಲಸಕ್ಕೆ ಗುರು. ಸ್ನೇಹ ಹೊರಗೆ ಹುಡುಕಿ: ಕ್ರಿಕೆಟ್, ಚಾರಣ, ನಾಟಕದ ತಂಡ. ನಾನು ಸಹೋದ್ಯೋಗಿ ಹತ್ರ ಮನಸ್ಸು ಬಿಚ್ಚಿ ಹೇಳ್ಕೊಂಡಿದ್ದನ್ನ ಅಪ್ರೈಸಲ್ ದಿನ ಮ್ಯಾನೇಜರ್ ಬಾಯಲ್ಲಿ ಕೇಳಿದ್ದೀನಿ.

ಮಂಡ್ಯದಕ್ಕ: ನಿಮಗಾಗಿದ್ದು ತಪ್ಪೇ. ಆದ್ರೆ ಒಂಬತ್ತು ಗಂಟೆ ಕೆಲಸ, ಮೇಲೆ ಟ್ರಾಫಿಕ್. ಹೊರಗಿನ ಸ್ನೇಹಕ್ಕೆ ಉಳಿಯೋದೆಷ್ಟು ಹೇಳಿ? ನಮ್ಮ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ದೇಶಕ್ಕೇ ಸಲಹೆ ಕೊಡೋ ಸರ್ಕಾರಿ ವೈದ್ಯ, ಆಗಿದ್ದಾಗ 2023ರಲ್ಲಿ ಒಂಟಿತನದ ಬಗ್ಗೆನೇ ಎಚ್ಚರಿಕೆ ಹೊರಡಿಸಿದ್ರು. ಜನರ ಒಡನಾಟ ಇಲ್ಲದಿದ್ರೆ ಆಯಸ್ಸಿಗೆ ಆಗೋ ಹಾನಿನ ದಿನಕ್ಕೆ 15 ಸಿಗರೇಟ್ ಸೇದೋದಕ್ಕೆ ಹೋಲಿಸಿದ್ರು. ಅವರ ಕಚೇರಿಯಲ್ಲೇ ಒಂದು ರೂಢಿ ಇತ್ತು: ವಾರದ ಸಭೆಯಲ್ಲಿ ಒಬ್ಬರು ಐದು ನಿಮಿಷ ಫೋಟೋ ತೋರಿಸಿ ತಮ್ಮ ಬದುಕಿನ ಬಗ್ಗೆ ಹೇಳೋದು. ನಮ್ಮಲ್ಲೂ ಮಾಡಿದ್ವಿ. ಲೆಕ್ಕಪತ್ರ ನೋಡೋ ಸರ್ ತಾವು ಸಾಕಿದ ಹಳ್ಳಿಕಾರ್ ಜೋಡಿ ತೋರಿಸಿದ್ರು. ಮೂರು ವರ್ಷ ಪಕ್ಕದಲ್ಲೇ ಕೂತಿದ್ದೆ, ನನಗೆ ಗೊತ್ತೇ ಇರ್ಲಿಲ್ಲ.

ಬೆಳ್ಳಂದೂರು ವಾಸಿ: ಅಕ್ಕ, ಎಲ್ಲರ ಮುಂದೆ ನಿಂತು ಮಾತಾಡು ಅಂದ್ರೆ ನನ್ನಂಥೋರಿಗೆ ಹಿಂಸೆ. ನಮ್ಮಲ್ಲಿ ಶುಕ್ರವಾರ ಅಂತ್ಯಾಕ್ಷರಿ ಇಡ್ತಾರೆ. ಹಿಂದಿ ಹಾಡು ಬರದ ನಾವಿಬ್ಬರು ಚಪ್ಪಾಳೆ ತಟ್ಟಿ ಎದ್ದು ಬರ್ತೀವಿ. ಅವತ್ತೇ ಜಾಸ್ತಿ ಒಂಟಿ ಅನ್ಸೋದು.

ನಿವೃತ್ತ ಬ್ಯಾಂಕಿನವ: ಇದು ನನಗೆ ಅರ್ಥವಾಗುತ್ತದೆ. ಒಡಿಶಾದ ಬಾಲೇಶ್ವರಕ್ಕೆ ವರ್ಗವಾದಾಗ ಒಡಿಯಾ ಒಂದಕ್ಷರ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಎಲ್ಲರೂ "ಸಾರ್ ಸಾರ್" ಎಂದು ದೂರವೇ ಇದ್ದರು. ಒಂದು ದಿನ ಚಲನ್ ಹಿಡಿದು ಕ್ಯಾಶಿಯರ್ ಬಳಿ ಹೋಗಿ, "ಈ ಅಕ್ಷರ ಯಾವುದು?" ಎಂದೆ. ಮರುದಿನದಿಂದ ಊಟದ ಹೊತ್ತಿಗೆ ನಾಲ್ಕು ನಾಲ್ಕು ಅಕ್ಷರ ಕಲಿಸಿದರು. ಬೇಸಿಗೆಯಲ್ಲಿ ಅವರ ಪಖಾಳದಲ್ಲಿ ನನಗೂ ಪಾಲು. ನಮ್ಮ ತಂಗಳನ್ನದ ಹಾಗೆಯೇ, ರಾತ್ರಿ ನೀರಲ್ಲಿ ನೆನೆಸಿಟ್ಟದ್ದು. ತಮ್ಮಾ ಹುಬ್ಬಳ್ಳಿಯವನೇ, ಸ್ನೇಹ ಬೇಕೆಂದು ಹೋಗಬೇಡ. ಚಿಕ್ಕದೊಂದು ಸಹಾಯ ಕೇಳು.

ಬೆಳ್ಳಂದೂರು ವಾಸಿ: ಸರ್, ಅವರ ಜೊತೆ ಈಗಲೂ ಮಾತಿದೆಯಾ?

ನಿವೃತ್ತ ಬ್ಯಾಂಕಿನವ: ಪ್ರತಿ ರಥಯಾತ್ರೆಗೆ ಫೋನ್ ಬರುತ್ತದೆ. ಅಂದಹಾಗೆ, ನಿಮ್ಮ ಜೊತೆ ಎದ್ದು ಬರುವ ಆ ಇನ್ನೊಬ್ಬರ ಹೆಸರೇನು?

ಬೆಳ್ಳಂದೂರು ವಾಸಿ: ಗೊತ್ತಿಲ್ಲ ಸರ್. ಕೇಳಿಲ್ಲ ಇನ್ನೂ.

ಹುಬ್ಬಳ್ಳಿಯಾಂವ: ನಮ್ಮ ಮಹಡಿಯಾಗ ಒಬ್ಬಾಂವ ದಿನಾ ಕಿಡಕಿ ಕಡೆ ಒಬ್ಬಾವನ ಕೂತು ಡಬ್ಬಿ ಬಿಚ್ಚತಾನ್ರಿ. ಅವ್ವ ಕಳಿಸಿದ ಶೇಂಗಾ ಚಟ್ನಿ ಐತಿ. ಸೋಮವಾರ ಒಯ್ತೇನಿ.