ಅಂಗಡಿ ಗ್ವಾಡಿ ಮ್ಯಾಲ ಉದ್ರಿ ಬಗ್ಗೆ ಒಂದ್ ಮಾತು ಬರಸ್ಬೇಕು, ಏನ್ ಬರಸ್ಲಿ?

ಡೋಣಿ ದಂಡಿಯಂವ
ತಾಳಿಕೋಟಿ ಕಡೆ ಡೋಣಿ ಹೊಳಿ ದಂಡಿ ಮ್ಯಾಲಿನ ಒಂದ್ ಹಳ್ಳ್ಯಾಗ ನಮ್ದು ಬೀಜ-ಗೊಬ್ಬರದ ಅಂಗಡಿ ಅದ. ದೀಪಾವಳಿಗೆ ಬಣ್ಣ ಹಚ್ಚಸ್ಲಿಕ್ಕತ್ತೀನಿ. ಗಲ್ಲಾದ ಹಿಂದಿನ ಗ್ವಾಡಿ ಮ್ಯಾಲ ಅಪ್ಪ ಬರಸಿದ್ದ "ಇಂದು ನಗದು, ನಾಳೆ ಉದ್ರಿ" ಅನ್ನೂದು ಮಾಸಿ ಹೋಗ್ಯದ. ಅದನ್ನ ಮತ್ತ ಬರಸೂ ಮನಸ್ಸಿಲ್ಲ. ಆ ಅಕ್ಷರದ ಕೆಳಗ ನಿಂತೇ ಮಂದಿ "ಹಂಗಾರ ನಾಳಿ ಬರ್ಲೇನು?" ಅಂತ ನಕ್ಕೋತ ಉದ್ರಿ ಒಯ್ದಾರ, ಅಪ್ಪನೂ ನಕ್ಕೋತನ ಬರ್ಕೊಂಡಾನ.

ಕೇಳಾಂವಗ ಮಾರಿ ಮ್ಯಾಲ ಹೊಡದಂಗ ಆಗಬಾರ್ದು, ಆದ್ರ ನಾಟಬೇಕು. ಪೇಂಟರ್ ಅಕ್ಷರದ ಲೆಕ್ಕದಾಗ ರೊಕ್ಕ ತಗೋತಾನ. ಹಿಂಗಾಗಿ ಪುರಾಣ ಬ್ಯಾಡ್ರಿ.

ಖಡಕ್ ರೊಟ್ಟಿ, ಬಾಗಲಕೋಟಿ
"ಕೊಟ್ಟಾಂವ ಕೋಡಂಗಿ, ಇಸಗೊಂಡಾಂವ ಈರಭದ್ರ." ಇದಕ್ಕಿಂತ ಖರೇ ಮಾತು ಇನ್ನೊಂದಿಲ್ಲ. ಬಾಜೂಕ ಸ್ಕ್ಯಾನರ್ ಅಂಟಸ್ರಿ. ಹಂಗಂತ ಅದನ್ನ ನಂಬಬ್ಯಾಡ್ರಿ, ಈಗ "ಸರ್ವರ್ ಡೌನ್ ಐತಿ" ಅನ್ನೂದ ಹೊಸಾ ಉದ್ರಿ ಆಗೇತಿ.

ಡೋಣಿ ದಂಡಿಯಂವ
ಅಲ್ಲೇ ಮ್ಯಾಲ ಅಪ್ಪನ ಫೋಟೋ ಅದ್ರಿ. ಅದರ ಕೆಳಗ ಕೋಡಂಗಿ ಅಂತ ಬರಸಿದ್ರ ನಮ್ಮವ್ವ ನನಗ ಊಟಕ್ಕ ಹಾಕೂದಿಲ್ಲ.

ಬಾದಾಮಿ ಮಾಸ್ತರ್
ಸಾಲದ ವಿಷಯಕ್ಕೆ ಸರ್ವಜ್ಞನನ್ನು ಬಿಟ್ಟರುಂಟೆ? ಸಾಲ ತರುವಾಗ ಹಾಲೋಗರ ಉಂಡಂತೆ, ಸಾಲಿಗ ಬಂದು ಎಳೆವಾಗ ಕಿಬ್ಬದಿಯ ಕೀಲು ಮುರಿದಂತೆ ಎಂದವನು ಅವನು. ಆದರೆ ತ್ರಿಪದಿ ಪೂರ್ತಿ ಬರೆಸಿದರೆ ನಿಮ್ಮ ಪೇಂಟರ್ ಮನೆ ಕಟ್ಟಿಸಿಯಾನು.

ನಮ್ಮೂರಿನದೇ ಒಂದು ಹೇಳುತ್ತೇನೆ. ತಟ್ಟುಕೋಟಿಯ ಬಂಡೆಯ ಮೇಲೆ ಸುಮಾರು 1300 ವರ್ಷದ ಹಿಂದಿನ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಅಲ್ಲಿಯದೇ: "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ". ಇಲ್ಲಿಗೇ ನಿಲ್ಲಿಸಿದರೆ ಗಲ್ಲಾಕ್ಕೆ ಚೆನ್ನಾಗಿ ಒಪ್ಪುತ್ತದೆ. ಮುಂದೆ ಓದಿದರೆ ಕಾಡುವವನಿಗೆ ಈತ ಕಲಿಯುಗವಿಪರೀತ, ಸಾಕ್ಷಾತ್ ಮಾಧವ ಎಂದು ಬರುತ್ತದೆ. ಅರಭಟ್ಟನ ಹತ್ತಿರ ಉದ್ರಿ ಕೇಳುವ ಧೈರ್ಯ ಯಾರಿಗೂ ಇದ್ದಿರಲಿಕ್ಕಿಲ್ಲ.

ಕೀರ್ದಿ ಖತಾವಣಿ, ಬೆಳಗಾವಿ
ತಮ್ಮಾ, ನಾ ವಿಜಾಪುರದಾಗ ಅಡತಿ ಅಂಗಡ್ಯಾಗ ಕೀರ್ದಿ, ಅಂದ್ರ ದಿನದ ಲೆಕ್ಕ, ಬರದಾಂವ. ಈಗ ಬೆಳಗಾವ್ಯಾಗ ಮಗನ ಮನ್ಯಾಗ ಇರ್ತೀನಿ. ಮಾಸ್ತರ್ ಬರದಿದ್ದು ಓದಿ ಖುಷಿ ಆತು, ಆದ್ರ ಬಂಡೆಗಲ್ಲ ಮ್ಯಾಲ ಕೆತ್ತಿಸಿದ್ರೂ ನಿಮ್ಮ ಸೀಮ್ಯಾಗ ಉದ್ರಿ ನಿಲ್ಲೂದಿಲ್ಲ. ನಿಲ್ಲಸಾಕ ಹೋಗಲೂಬಾರ್ದು. ಉತ್ತರಿ, ಹಸ್ತಿ ಮಳಿಗೆ, ಅಂದ್ರ ಸೆಪ್ಟೆಂಬರ್-ಅಕ್ಟೋಬರದಾಗ, ಎರಿ ಹೊಲಕ್ಕ ಬಿಳಿಜ್ವಾಳ, ಕಡ್ಲಿ ಬೀಳ್ತಾವ. ಜ್ವಾಳ ಒಕ್ಕಿ ರಾಶಿ ಆಗಬೇಕಂದ್ರ ಫೆಬ್ರವರಿ ಬರಬೇಕು. ಅಲ್ಲೀತನಕ ರೈತನ ಕಿಸೇದಾಗ ಏನಿರ್ತದ?

"ಡೋಣಿ ಬೆಳದ್ರ ಓಣೆಲ್ಲಾ ಕಾಳು" ಅಂತ ನಿಮ್ಮ ಕಡೆ ಮಂದಿ ಎದಿ ಉಬ್ಬಿಸಿ ಹೇಳ್ತಾರ. ಅದು ಷರತ್ತಿನ ಮಾತು. ಮ್ಯಾಲ ಮಹಾರಾಷ್ಟ್ರದ ಜತ್ತ ಕಡೆ ಮಳಿ ಜೋರಾತಂದ್ರ ಹೂಳು ತುಂಬಿದ ಹೊಳಿ ಸೀದಾ ಹೊಲಕ್ಕ ನುಗ್ತದ. ಆ ವರ್ಷ ಓಣ್ಯಾಗ ಕಾಳಿಲ್ಲ, ನಿನ್ನ ಗಲ್ಲಾದಾಗ ರೊಕ್ಕಿಲ್ಲ.

ನಮ್ಮ ಸಾವಕಾರ ಗ್ವಾಡಿ ಮ್ಯಾಲ ಶುಭ-ಲಾಭ ಬಿಟ್ಟು ಏನೂ ಬರಸಿದ್ದಿಲ್ಲ. ಉದ್ರಿ ಕೇಳಿದ್ರ ಇಲ್ಲ ಅಂತಿದ್ದಿಲ್ಲ, ಹೂಂ ಅಂತನೂ ಅಂತಿದ್ದಿಲ್ಲ. "ಯಾವ ರಾಶಿಗೆ?" ಅಂತ ಕೇಳಿ ಸುಮ್ನ ಕೂಡ್ತಿದ್ದ. ತೊಗರಿ ರಾಶಿಗೋ, ಕಡ್ಲಿ ರಾಶಿಗೋ, ಜ್ವಾಳದ ರಾಶಿಗೋ, ಒಯ್ಯಾಂವ ತನ್ನ ಬಾಯಿಲೆ ಹೇಳಬೇಕು. ನಾ ಬರ್ಕೊಂಡು, ಕಟ್ಟಿ ಮ್ಯಾಲ ಕುಂತ ಮಂದಿಗೂ ಕೇಳೂಹಂಗ ಓದ್ತಿದ್ದೆ. ಟಾವೆಲ್ ತುದಿ ತಿರುವಿಕೋತ ನಿಂತಾಂವ ಒಬ್ಬ, ನಾ ಓದೂದು ಮುಗಿಯೂದ್ರಾಗ "ತಡೀರಿ ಗುಮಾಸ್ತರ, ಎರಡು ಚೀಲ ಕಮ್ಮಿ ಮಾಡ್ರಿ" ಅಂದ. ಯಾರೂ ಅವಂಗ ಕಮ್ಮಿ ಒಯ್ಯಿ ಅಂದಿದ್ದಿಲ್ಲ. ಇಂಥಾವು ಭಾಳ ನೋಡೀನಿ.

ಡೋಣಿ ದಂಡಿಯಂವ
ಕಾಕಾ, ಇದು ಬೇಷ್ ಅದ. ಆದ್ರ ರಾಶಿನ ಆಗ್ಲಿಲ್ಲಂದ್ರ? ನೀರು ನುಗ್ಗಿದ ವರ್ಷ ಅಪ್ಪ ಕೇಳ್ಲಿಕ್ಕೂ ಹೋಗ್ತಿದ್ದಿಲ್ಲ. ಆ ಪಟ್ಟಿ ಇನ್ನೂ ನನ್ನ ಹಂತ್ಯಾಕ ಅದ.

ಕೀರ್ದಿ ಖತಾವಣಿ, ಬೆಳಗಾವಿ
ಆಗ ಮುಂದಿನ ವರ್ಷದ ಖಾತೆಕ್ಕ ಬಾಕಿ ಎಳೀಬೇಕು, ಅದೇ ದರಕ್ಕ. ವ್ಯಾಪಾರಸ್ಥನ ಪರೀಕ್ಷಾ ಇರೂದು ಇಲ್ಲೇ. ಉದ್ರಿಗೊಂದು ದರ, ನಗದಿಗೊಂದು ದರ ಹಚ್ಚೂ ಚಟ ಅದ ನೋಡು, ಅದು ಕೆಟ್ಟದ್ದು. 45 ಕಿಲೋ ಯೂರಿಯಾ ಚೀಲದ ಮ್ಯಾಲ ರೇಟ್ ಅಚ್ಚಾಗೇ ಬರ್ತದ. ಅದರ ಮ್ಯಾಲ ಒಂದ್ ಪೈಸಾ ತಗೊಂಡ್ರೂ ಕಾಯ್ದೆಕ್ಕ ತಪ್ಪು, ಮಂದಿ ಕಣ್ಣಿಗೂ ತಪ್ಪು. ಸಾವಕಾರ ಇಂಥಾ ಹೊತ್ತಿನ್ಯಾಗ ವಚನ ಬರದ ಶರಣಿ ಆಯ್ದಕ್ಕಿ ಲಕ್ಕಮ್ಮನ ಮಾತು ಅಂತಿದ್ದ, ಗಿರಾಕಿಗಲ್ಲ, ತನಗ ತಾನ: "ಈಸಕ್ಕಿಯಾಸೆ ನಿಮಗೇಕೆ?" ಗಂಡ ಮಾರಯ್ಯ ದಿನದಕಿಂತ ಹೆಚ್ಚು ಅಕ್ಕಿ ಆರಿಸ್ಕೊಂಡು ಬಂದಾಗ ಆಕಿ ಕೇಳಿದ್ದು ಅದು. ಕೇಳಿ ಸುಮ್ನಾಗ್ಲಿಲ್ಲ, ತಿರುಗಿ ಚೆಲ್ಲಿ ಬರ್ರಿ ಅಂತ ಕಳಿಸಿದ್ಲು.

ಬಾದಾಮಿ ಮಾಸ್ತರ್
ಒಂದು ಅಧಿಕಪ್ರಸಂಗ. "ಕಾಯಕವೇ ಕೈಲಾಸ" ಎಂದು ಕಚೇರಿ ಕಚೇರಿಯಲ್ಲಿ ಬಸವಣ್ಣನವರ ಚಿತ್ರದ ಕೆಳಗೆ ತೂಗುಹಾಕಿರುತ್ತಾರಲ್ಲ, ಆ ಮಾತು ಬರುವುದು ಇದೇ ಮಾರಯ್ಯನ ವಚನದಲ್ಲಿ. ಗಂಡನ ಮಾತು ಎಲ್ಲ ಗೋಡೆಗೂ ಏರಿತು. ಹೆಂಡತಿಯದನ್ನು ಯಾವ ಕಚೇರಿಯಲ್ಲೂ ನಾನು ಕಂಡಿಲ್ಲ, ಕಾರಣ ನೀವೇ ಊಹಿಸಿ.

ಡೋಣಿ ದಂಡಿಯಂವ
ಹಂಗಾರ "ಯಾವ ರಾಶಿಗೆ?" ಅಂತನ ಬರಸ್ತೀನಿ, ಬಿಳಿ ಗ್ವಾಡಿ ಮ್ಯಾಲ ನೀಲಿ ಬಣ್ಣದಾಗ. ಐದ ಅಕ್ಷರ, ಪ್ರಶ್ನೆ ಗುರ್ತಿಗೂ ರೊಕ್ಕ ಹಿಡೀತಾನೇನು ಕೇಳ್ಬೇಕು. ಲಕ್ಕಮ್ಮನ ಮಾತು ಗ್ವಾಡಿಗೆ ಬ್ಯಾಡ, ಹೊಸಾ ಖತಾವಣಿ ಪುಸ್ತಕದ ಒಳಗಿನ ರಟ್ಟಿನ ಮ್ಯಾಲ ನಾನ ಬರ್ಕೋತೀನಿ. ಹಳೇ ಪಟ್ಟಿ ಅಪ್ಪನ ದರದಾಗೇ ಎಳೀತೀನಿ ಕಾಕಾ.

ಖಡಕ್ ರೊಟ್ಟಿ, ಬಾಗಲಕೋಟಿ
ಬರಸ್ರಿ, ಆದ್ರ ಈಗಿನ ಹುಡುಗೂರು ಅದನ್ನ ಓದಿ ಕನ್ಯಾ ರಾಶಿ, ತುಲಾ ರಾಶಿ ಅಂತ ಹೇಳ್ಯಾವು.

ಡೋಣಿ ದಂಡಿಯಂವ
ಹಂಗ ಹೇಳಿದಾಂವಗ ನಗದು.